ಕಾಪು ಲೈಟ್‌ಹೌಸ್: ಮಕ್ಕಳನ್ನು ಹತ್ತಿಸುವುದಾದರೆ ಇಲ್ಲಿಂದ ಶುರು ಮಾಡಿ

ಲೈಟ್‌ಹೌಸ್ ಹತ್ತುವುದು ನಮ್ಮ ಮನೆಮಂದಿಗೆಲ್ಲ ಹಿಡಿದಿರುವ ಹುಚ್ಚು. ಕಡಲಿರುವ ಊರಿಗೆ ಹೊರಟರೆ ಸಾಕು, "ಅಲ್ಲಿ ಲೈಟ್‌ಹೌಸ್ ಇದ್ಯಾ ಅಮ್ಮ?" ಅಂತ ಮಗಳ ಮೊದಲ ಪ್ರಶ್ನೆ. ಮಹಾಬಲಿಪುರ, ಕೋವಳಂ, ಚೆನ್ನೈನ ಮರೀನಾ ಎಲ್ಲ ನೋಡಿದ್ದೇವೆ. ಆದರೂ ಮೊದಲ ಸಲ ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಕಾಪು.

ಉಡುಪಿಯಿಂದ ಮಂಗಳೂರಿನ ಕಡೆ ಹೆದ್ದಾರಿ 66ರಲ್ಲಿ ಸುಮಾರು 13 ಕಿಲೋಮೀಟರ್ ಬಂದರೆ ಕಾಪು ಪೇಟೆ. ಅಲ್ಲಿ ಬಲಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬೀಚ್. ನಾವು ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಹೋದವರು. ಊಟ ಉಡುಪಿಯಲ್ಲೇ ಮುಗಿಸಿಕೊಂಡೆವು, ನೀವೂ ಹಾಗೇ ಮಾಡಿ. ಬೀಚಿನಲ್ಲಿ ಚರುಮುರಿ, ಎಳನೀರು ಸಿಗುತ್ತದೆ, ಹೊಟ್ಟೆ ತುಂಬ ಊಟ ಅಂತ ನಂಬಿಕೊಂಡು ಹೋಗಬೇಡಿ.

ಈ ಲೈಟ್‌ಹೌಸ್ 1901ರದ್ದು. ನೀರಂಚಿನ ದೊಡ್ಡ ಬಂಡೆಯ ಮೇಲೆ ನಿಂತಿದೆ. ಎತ್ತರ ಸುಮಾರು 27 ಮೀಟರ್. ಮೈತುಂಬ ಕಪ್ಪು ಬಿಳಿ ಪಟ್ಟೆ. ಅದು ಚಂದಕ್ಕೆ ಮಾತ್ರ ಬಳಿದದ್ದಲ್ಲ. ಹಗಲು ಹೊತ್ತಿನಲ್ಲಿ ದೀಪ ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ? ಆಗ ದೂರದ ದೋಣಿಯವರಿಗೆ ಗುರುತು ಸಿಗುವುದು ಈ ಪಟ್ಟೆಯಿಂದಲೇ. ಕೋವಳಂನದ್ದು ಕೆಂಪು ಬಿಳಿ ಪಟ್ಟೆ. ಇದನ್ನು ಮಕ್ಕಳಿಗೆ ಕೆಳಗೇ ನಿಲ್ಲಿಸಿ ಹೇಳಿ. ಹತ್ತಿದ ಮೇಲೆ ಅವರ ಗಮನವೆಲ್ಲ ಕಡಲಿನ ಮೇಲೆ.

ಮೇಲೆ ಬಿಡುವುದು ಸಾಮಾನ್ಯವಾಗಿ ಸಂಜೆ 4ರ ಮೇಲೆ, ಅದೂ ಸ್ವಲ್ಪ ಹೊತ್ತು ಮಾತ್ರ. ಹೋಗುವ ಮುಂಚೆ ಊರವರ ಹತ್ತಿರ ವಿಚಾರಿಸಿಕೊಳ್ಳಿ. ಟಿಕೆಟ್‌ಗೆ ಕೊಡುವುದು ಸಣ್ಣ ಮೊತ್ತ, ಚಿಲ್ಲರೆ ಇಟ್ಟುಕೊಳ್ಳಿ. ಭಾನುವಾರ ಬೇಡವೇ ಬೇಡ. ಇಳಿಯುವವರು ಗೋಡೆಗೆ ಒತ್ತಿ ನಿಂತರೆ ಮಾತ್ರ ಹತ್ತುವವರಿಗೆ ದಾರಿ.

ಮೊದಲು ಬಂಡೆಯಲ್ಲಿ ಕಡಿದ ಮೆಟ್ಟಿಲು, ಆಮೇಲೆ ಒಳಗೆ ಸುತ್ತುಮೆಟ್ಟಿಲು. ಒಳಗೆ ಕಾಲಿಟ್ಟ ಕೂಡಲೇ ತಂಪು. ಕಿಟಕಿಯ ಹತ್ತಿರ ನಿಂತು ಗೋಡೆ ಎಷ್ಟು ದಪ್ಪ ಇದೆ ನೋಡಿ. ನನ್ನ ಮಗಳು ಕೈ ಪೂರ್ತಿ ಚಾಚಿ ಅಳತೆ ನೋಡಿದಳು. ಮೇಲೆ ಹೋದಂತೆ ಜಾಗ ಕಿರಿದಾಗುತ್ತದೆ, ಕೊನೆಯ ಭಾಗ ಕಡಿದು. ಸಣ್ಣ ಮಕ್ಕಳನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆಯೇ ಹತ್ತಿ. ಸೀರೆಗಿಂತ ಚೂಡಿದಾರ್ ವಾಸಿ.

ಬಾಲ್ಕನಿಗೆ ಬಂದರೆ ಗಾಳಿ ಮುಖಕ್ಕೆ ಹೊಡೆಯುತ್ತದೆ, ಟೋಪಿ ಬ್ಯಾಗಿಗೆ ಹಾಕಿ. ಒಂದು ಕಡೆ ಬರೀ ಕಡಲು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ತೆಂಗಿನ ತೋಟ. ಆ ತಲೆಗಳ ನಡುವೆ ಅಲ್ಲಲ್ಲಿ ಹೆಂಚಿನ ಮಾಡು. ನಮ್ಮ ಕಾಲ ಕೆಳಗೇ ಅಲೆ ಬಂಡೆಗೆ ಬಡಿದು ಎರಡಾಗಿ ಹರಿದು, ಬಂಡೆಯ ಹಿಂದೆ ಮತ್ತೆ ಸೇರುತ್ತಿತ್ತು. ಮಗಳು ರೇಲಿಂಗ್ ಬಿಡಲೇ ಇಲ್ಲ.

ಮಾವನಿಗೆ ಮಂಡಿನೋವು. ಬಂಡೆಯ ಮೆಟ್ಟಿಲು ಮಾತ್ರ ಹತ್ತಿ ಅಲ್ಲೇ ಕೂತರು. "ನನಗೆ ಇಲ್ಲಿಂದಲೇ ಎಲ್ಲ ಕಾಣುತ್ತೆ, ನೀವು ಹೋಗಿಬನ್ನಿ ಮಗಾ" ಅಂದರು. ನಿಜ, ಅಲ್ಲಿಂದಲೂ ನೋಟ ಚೆನ್ನಾಗಿದೆ. ಹಿರಿಯರನ್ನೂ ತುದಿಗೆ ಕರೆದೊಯ್ಯಲೇಬೇಕು ಅಂದರೆ ಚೆನ್ನೈನ ಮರೀನಾ ಲೈಟ್‌ಹೌಸ್‌ಗೆ ಹೋಗಿ, ಅಲ್ಲಿ ಲಿಫ್ಟ್ ಇದೆ.

ಜಾಸ್ತಿ ಜನ ಇಳಿದ ಕೂಡಲೇ ಕಾರು ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಳ ಮೇಲೆ ಕೂತು ಕತ್ತಲಾಗುವವರೆಗೆ ಕಾಯಿರಿ, ದೀಪ ಹತ್ತುತ್ತದೆ. ಪ್ರತಿ ಲೈಟ್‌ಹೌಸ್‌ಗೂ ಮಿನುಗುವ ರೀತಿ ಬೇರೆ. ಎಷ್ಟು ಸಲ ಮಿನುಗಿತು, ನಡುವೆ ಎಷ್ಟು ಸೆಕೆಂಡು ಕತ್ತಲು ಅಂತ ಎಣಿಸಿಯೇ ನಾವಿಕರು ಇದು ಇಂಥ ಊರಿನ ದೀಪ ಅಂತ ತಿಳಿದುಕೊಳ್ಳುತ್ತಿದ್ದರು. ಮಗಳು ವಾಚ್ ಹಿಡಿದು ಎಣಿಸುತ್ತಾಳೆ, ಅವಳ ಅಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲೆಕ್ಕ ತಪ್ಪಿದರೆ ಮತ್ತೆ ಶುರು. ಒಂದು ರೂಪಾಯಿ ಖರ್ಚಿಲ್ಲದ ಈ ಆಟಕ್ಕೇ ನಮ್ಮ ಮನೆಯಲ್ಲಿ ಹವ್ಯಾಸ ಹತ್ತಿದ್ದು.

ಬೇಜಾರಾಗಿದ್ದು ಬಂಡೆಯ ಸಂದಿಯಲ್ಲಿದ್ದ ಚಿಪ್ಸ್ ಪ್ಯಾಕೆಟ್‌ಗಳಿಂದ. ನೋಡಲು ಬಂದ ನಾವೇ ಬಿಸಾಡಿದ್ದು ತಾನೆ? ಒಂದು ಖಾಲಿ ಚೀಲ ಒಯ್ದರೆ ನಿಮ್ಮ ಕಸ ನಿಮ್ಮ ಜೊತೆಗೇ ವಾಪಸ್ ಬರುತ್ತದೆ.

ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಅಲೆಯೂ ಜೋರು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಮಕ್ಕಳಿಗೆ ರುಚಿ ಹತ್ತಿದರೆ ಮಾರನೇ ದಿನ ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ. ಸುರತ್ಕಲ್‌ನಲ್ಲಿ 1972ರ ಇನ್ನೊಂದು ಲೈಟ್‌ಹೌಸ್ ಇದೆ.