ದೋಣಿಯ ಟ್ರೇಲರ್ ಎಳೆಯಲು ಹೈಲಕ್ಸ್, ವಿ-ಕ್ರಾಸ್, ಕ್ಯಾಂಪರ್

ಪುಣೆಯಿಂದ ಅಂಬೋಲಿ ಘಾಟಿಯ ಮೂಲಕ ಗೋವೆಗೆ ದೋಣಿಯ ಟ್ರೇಲರನ್ನು ಎಳೆದೊಯ್ಯಲು ಯಾವ ಪಿಕಪ್ ಕೊಳ್ಳಬೇಕೆಂದು ಕೇಳಿದ್ದೀರಿ.

ಇಲ್ಲಿ ಮೊದಲು ನೋಡಬೇಕಾದದ್ದು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಟೊಯೋಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಆಟೊಮ್ಯಾಟಿಕ್‌ನಲ್ಲಿ 500, ಮ್ಯಾನುಯಲ್‌ನಲ್ಲಿ 420 ನ್ಯೂಟನ್ ಮೀಟರ್ ಕೊಟ್ಟರೆ, ಇಸುಜು ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ 360 ಕೊಡುತ್ತದೆ. ಮಹೀಂದ್ರ ಬೊಲೆರೊ ಕ್ಯಾಂಪರ್‌ನದು 200ರ ಆಸುಪಾಸು. ಭಾರವಾದ ದೋಣಿಯೊಂದಿಗೆ ಮರಳಿ ಘಾಟಿ ಹತ್ತುವಾಗ ಈ ಅಂತರ ಚೆನ್ನಾಗಿ ತಿಳಿಯುತ್ತದೆ. ಇಳಿಯುವಾಗಲಂತೂ ಯಾವ ಗಾಡಿಯಾದರೂ ಕೆಳ ಗೇರಿನಲ್ಲೇ ಇರಬೇಕು, ಭಾರದ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು.

ಬೆಲೆಯಲ್ಲಿ ಕ್ಯಾಂಪರ್ ಬಹಳ ಅಗ್ಗ, ಮತ್ತು ಅದರ ಬಿಡಿಭಾಗಗಳು ತಾಲೂಕು ಊರುಗಳಲ್ಲೂ ಸಿಗುತ್ತವೆ. ಹಗುರವಾದ ಟ್ರೇಲರಿನೊಂದಿಗೆ ಸಮತಟ್ಟಾದ ರಸ್ತೆಯಲ್ಲಿ ಓಡಾಡುವವರಿಗೆ ಅದೇ ಸಾಕು. ವರ್ಷಕ್ಕೆ ಕೆಲವೇ ಬಾರಿ ಎಳೆದು, ಉಳಿದ ದಿನ ಮನೆಮಂದಿಯೊಂದಿಗೆ ತಿರುಗಾಡುವವರಿಗೆ ವಿ-ಕ್ರಾಸ್ ಹಿತ, ಆದರೆ ಪಾಚಿಗಟ್ಟಿದ ಇಳಿಜಾರಿನಲ್ಲಿ ದೋಣಿಯನ್ನು ನೀರಿಗಿಳಿಸುವವರು ಅದರ 4x4 (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ) ಮಾದರಿಯನ್ನೇ ಕೇಳಬೇಕು. ಪದೇ ಪದೇ ಭಾರ ಎಳೆಯುವವರಿಗೆ ಹೈಲಕ್ಸ್‌ನ ಹೆಚ್ಚಿನ ಬೆಲೆ ದಂಡವೆನಿಸದು.

ಟ್ರೇಲರನ್ನು ಸಿಕ್ಕಿಸುವ ಗಾಡಿಯ ಹುಕ್ಕಿನ ಮೇಲೆ ಟ್ರೇಲರಿನ ತೂಕದ ಸುಮಾರು ಹತ್ತನೆಯ ಒಂದು ಭಾಗ ಬೀಳುವಂತೆ ದೋಣಿಯನ್ನು ಕೂರಿಸಿ, ಉಪ್ಪುನೀರಿನಿಂದ ಮೇಲೆತ್ತಿದ ದಿನವೇ ಚಕ್ರಗಳ ಬೇರಿಂಗ್ ಮತ್ತು ಬ್ರೇಕುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ.