ಮಂಜೂರಾತಿ ಪತ್ರ ಬಂತು ಅಂತ ಗುದ್ದಲಿ ಹಿಡಿಯಬೇಡಿ

ನಮ್ಮದು ಏಳು ಜನರ ಸಣ್ಣ ಗುಂಪು. ಹೂಳು ತುಂಬಿದ ಒಂದು ಹೊಂಡ, ಅದರ ಸುತ್ತ ಲಂಟಾನ ಅನ್ನುವ ಕಳೆಗಿಡ ನುಂಗಿಹಾಕಿದ ಹುಲ್ಲುಗಾವಲು. ಎರಡನ್ನೂ ಮತ್ತೆ ಹಕ್ಕಿಪಕ್ಷಿ, ಕಾಡುಪ್ರಾಣಿ ಬರುವ ಹಾಗೆ ಮಾಡಬೇಕು ಅಂತ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದೆವು. ಅನುದಾನ ಸಿಕ್ಕಿತು. ಇವತ್ತು ಹೊಂಡದಲ್ಲಿ ನೀರೂ ಇದೆ. ಆದರೆ ನಮ್ಮ ಏಳು ಜನರಲ್ಲಿ ನಾಲ್ವರು ಆ ಕೆಲಸಕ್ಕೆ ಮಾಡಿದ ಸಾಲವನ್ನು ಈಗಲೂ ತೀರಿಸುತ್ತಿದ್ದೇವೆ. ಅನುದಾನ ಸಿಕ್ಕ ಮೇಲೂ ಸಾಲವೇ ಅಂತ ಕೇಳಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ನಮ್ಮದೇ. ಆಯ್ಕೆಯಾಗಿದ್ದೀರಿ ಅನ್ನುವ ಪತ್ರ ಬಂದಾಗ ಮಳೆಗಾಲಕ್ಕೆ ಆರು ವಾರ ಉಳಿದಿತ್ತು. ಹೂಳು ತೆಗೆಯುವುದು ಮಳೆಗೆ ಮುಂಚೆಯೇ ಆಗಬೇಕು. ಲಂಟಾನವನ್ನೂ ಹಣ್ಣು ಮಾಗುವ ಮುಂಚೆ ಕಿತ್ತರೆ ಒಳ್ಳೆಯದು, ಇಲ್ಲದಿದ್ದರೆ ಹಕ್ಕಿಗಳು ಅದರ ಬೀಜವನ್ನು ಎಲ್ಲೆಲ್ಲಿಗೋ ಒಯ್ದು ಹಾಕುತ್ತವೆ. ಕರಾರು ಪತ್ರಕ್ಕೆ ಸಹಿ ಆಗಿರಲಿಲ್ಲ. "ಅದೆಲ್ಲ ಬರೀ ಕಾಗದದ ಕೆಲಸ, ಆಗುತ್ತೆ ಬಿಡಿ" ಅಂತ ಹೇಳಿ ಜೆಸಿಬಿ ಕರೆಸಿದ್ದು ನಾನೇ.

ಸಹಿ ಆಗಿದ್ದು ಹನ್ನೊಂದು ವಾರ ಕಳೆದ ಮೇಲೆ. ಮೊದಲ ಬಿಲ್ಲುಗಳನ್ನು ಕಳಿಸಿದೆವು. ಎಲ್ಲವೂ ವಾಪಸ್. ಕರಾರಿನ ತಾರೀಕಿಗಿಂತ ಮುಂಚಿನ ಯಾವ ಖರ್ಚೂ ಲೆಕ್ಕಕ್ಕಿಲ್ಲ ಅಂತ ಒಂದೇ ಸಾಲಿನ ಉತ್ತರ. ಹೂಳೆತ್ತಿದ ಖರ್ಚು ಪೂರ್ತಿ ನಮ್ಮ ತಲೆಯ ಮೇಲೆ ಬಿತ್ತು. ಸ್ಥಳ ನೋಡಲು ಬಂದ ಅಧಿಕಾರಿ ಒಳ್ಳೆಯವರು. "ಕೆಲಸ ಚೆನ್ನಾಗಿ ಮಾಡಿದ್ದೀರಿ, ತಾರೀಕು ಮಾತ್ರ ಸರಿ ಇಲ್ಲ" ಅಂದರು. ಇದು ನಮಗೆ ಮಾತ್ರ ಆದ ಅನ್ಯಾಯ ಅಂದುಕೊಂಡಿದ್ದೆ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳಲ್ಲೂ ಮುಂಚಿತ ಖರ್ಚಿನ ಮೇಲೆ ಇಂಥದ್ದೇ ಕಡಿವಾಣ ಇದೆ. ಅಲ್ಲಿ ಮುಂಚಿತ ಖರ್ಚಿಗೆ ಒಪ್ಪಿಗೆ ಕೇಳುವ ದಾರಿಯೂ ಇದೆ. ನಮ್ಮ ನಿಯಮ ಪುಸ್ತಕದಲ್ಲೂ ಅಂಥ ಒಂದು ಸಾಲಿತ್ತು, ನಲವತ್ತನೇ ಪುಟದ ಆಚೆ. ಒಂದು ಪತ್ರ ಬರೆದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ಪೆಟ್ಟು. ಅನುದಾನ ಅಂದರೆ ದುಡ್ಡು ಖಾತೆಗೆ ಬಂದು ಬೀಳುತ್ತದೆ, ಆಮೇಲೆ ನಾವು ಖರ್ಚು ಮಾಡುತ್ತೇವೆ ಅಂತ ತಾನೇ ಎಲ್ಲರೂ ಅಂದುಕೊಳ್ಳುವುದು? ತುಂಬಾ ಕಡೆ ಅದು ಉಲ್ಟಾ. ಮೊದಲು ನೀವು ಖರ್ಚು ಮಾಡಬೇಕು, ಬಿಲ್ಲು ತೋರಿಸಬೇಕು, ಆಮೇಲೆ ಅವರು ತುಂಬಿಕೊಡುತ್ತಾರೆ. ಈ ಪದ್ಧತಿ ಹಳೆಯದು. ಅಮೆರಿಕದಲ್ಲಿ 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ಗುಂಡುಗಳ ಮೇಲಿನ ತೆರಿಗೆಯ ಹಣ ಅದರಿಂದಾಗಿ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ರಾಜ್ಯಗಳು ಮೊದಲು ಖರ್ಚು ಮಾಡುತ್ತವೆ, ಆಮೇಲೆ ಅದರಲ್ಲಿ 75 ಶೇಕಡಾದವರೆಗೆ ವಾಪಸ್ ಪಡೆಯುತ್ತವೆ. ರಾಜ್ಯ ಸರ್ಕಾರಕ್ಕೆ ಖಜಾನೆ ಇದೆ, ಕಾಯುತ್ತದೆ. ಏಳು ಜನರ ಗುಂಪಿಗೆ ಏನಿದೆ? ಕೂಲಿಯವರಿಗೆ ವಾರಕ್ಕೊಮ್ಮೆ ದುಡ್ಡು ಕೊಡಬೇಕು. "ಕಂತು ಬರಲಿ, ಆಮೇಲೆ ಕೊಡ್ತೀವಿ" ಅಂತ ಅವರಿಗೆ ಹೇಳಲು ಬಾಯಿ ಬರುತ್ತದಾ? ನಮ್ಮ ಎರಡನೇ ಕಂತು ಏಳು ತಿಂಗಳು ತಡವಾಯಿತು. ಕೊನೆಯ ಕಂತು ಅಂತಿಮ ವರದಿ ಒಪ್ಪುವವರೆಗೂ ಅಲ್ಲೇ ನಿಂತಿತ್ತು. ಆ ಸಾಲ ಹುಟ್ಟಿದ್ದು ಹೀಗೆ, ಬಡ್ಡಿ ಬೇರೆ. ಬಡ್ಡಿಯನ್ನಂತೂ ಅನುದಾನದ ಲೆಕ್ಕಕ್ಕೆ ಸೇರಿಸಲು ಬಿಡಲಿಲ್ಲ.

ಇನ್ನು ನಮ್ಮ ಪಾಲು. ಪೂರ್ತಿ ಖರ್ಚನ್ನು ಸರ್ಕಾರವೇ ಕೊಡುವ ಯೋಜನೆಗಳು ಕಡಿಮೆ. ಯುರೋಪಿಯನ್ ಒಕ್ಕೂಟದ ಲೈಫ್ ಯೋಜನೆ 1992ರಿಂದ ನಡೆಯುತ್ತಿದೆ. ಅಲ್ಲೂ ಪ್ರಕೃತಿ ಸಂರಕ್ಷಣೆಯ ಕೆಲಸಗಳಿಗೆ ಸಾಮಾನ್ಯವಾಗಿ ಸಿಗುವುದು ಖರ್ಚಿನ 60 ಶೇಕಡಾದವರೆಗೆ, ಆದ್ಯತೆಯ ಜೀವಿಗಳಿದ್ದರೆ 75ರವರೆಗೆ. ಉತ್ತರ ಅಮೆರಿಕದ ಜೌಗು ಪ್ರದೇಶಗಳಿಗೆ ದುಡ್ಡು ಕೊಡುವ 1989ರ ಕಾಯ್ದೆಯಲ್ಲಿ ಅನುದಾನದಷ್ಟೇ ಹಣವನ್ನು ಬೇರೆ ಮೂಲದಿಂದ ತರಬೇಕು. ನಮ್ಮ ಪಾಲು ಹತ್ತರಲ್ಲಿ ನಾಲ್ಕು. ಸ್ವಯಂಸೇವಕರ ದುಡಿಮೆಯನ್ನೂ ಅದಕ್ಕೆ ಸೇರಿಸಬಹುದು ಅಂದಾಗ ಕುಣಿದಾಡಿದೆವು, ಭಾನುವಾರ ಭಾನುವಾರ ಐವತ್ತು ಜನ ಬರುತ್ತಿದ್ದರಲ್ಲ! ಆದರೆ ಹಾಜರಿ ಪಟ್ಟಿ ಇಡಲಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಇತ್ತು, ಅಷ್ಟೇ. ಯಾರು, ಯಾವ ದಿನ, ಎಷ್ಟು ಗಂಟೆ, ಏನು ಕೆಲಸ, ಸಹಿ: ಇಷ್ಟಿಲ್ಲದೆ ಆಡಿಟರ್ ಒಂದು ಗಂಟೆಯನ್ನೂ ಒಪ್ಪುವುದಿಲ್ಲ. ಮೊದಲ ಐದು ತಿಂಗಳ ಬೆವರು ಹೀಗೆ ಸುಮ್ನೆ ಹೋಯಿತು. ಇನ್ನೊಂದು ಸರ್ಕಾರಿ ಯೋಜನೆಯಿಂದ ಬಂದ ಸಸಿಗಳನ್ನೂ ನಮ್ಮ ಪಾಲಿನಲ್ಲಿ ತೋರಿಸಿದ್ದೆವು, ಅದನ್ನೂ ಹೊಡೆದುಹಾಕಿದರು. ಸರ್ಕಾರದ ದುಡ್ಡಿಗೆ ಸರ್ಕಾರದ ದುಡ್ಡೇ ಜೋಡಿ ಆಗಲ್ಲವಂತೆ. ಯೋಚಿಸಿದರೆ ಸರಿಯೇ.

ದುಡ್ಡಿನ ವಿಷಯ ಹೇಗೋ ನುಂಗಿಕೊಂಡೆ. ಇದು ಮಾತ್ರ ಆಗುತ್ತಿಲ್ಲ. ಅರ್ಜಿಯಲ್ಲಿ "ನೆಟ್ಟ ಮರಗಳ ಸಂಖ್ಯೆ" ಅಂತ ಒಂದು ಕಾಲಂ ಇತ್ತು. ನಮ್ಮದು ಹುಲ್ಲುಗಾವಲು. ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಮರ ಅಂದರೆ ಆಗದು, ಹದ್ದು, ಗಿಡುಗ, ಕಾಗೆ ಕೂತು ಕಣ್ಣಿಡಲು ಅದೇ ಜಾಗ. ಸೊನ್ನೆ ಅಂತ ಬರೆದರೆ ಅಂಕ ಕಡಿಮೆಯಾಗುತ್ತದೆ ಅಂತ ಯಾರೋ ಹೇಳಿದರು. ನಾವು ನಾನೂರು ಅಂತ ಬರೆದೆವು. ಬರೆದ ಮೇಲೆ ನೆಡಲೇಬೇಕು, ಇಲ್ಲದಿದ್ದರೆ ಗುರಿ ಮುಟ್ಟಲಿಲ್ಲ ಅಂತ ಹಣ ವಾಪಸ್ ಕೇಳುತ್ತಾರೆ. ಹುಲ್ಲು ಉಳಿಸಲು ಹೊರಟವರು ಹುಲ್ಲಿನ ಮಧ್ಯೆ ನಾನೂರು ಗುಂಡಿ ತೋಡಿದೆವು. ಕಾಲಂ ನಿಮ್ಮ ಜಾಗಕ್ಕೆ ಹೊಂದದಿದ್ದರೆ ಅನ್ವಯಿಸುವುದಿಲ್ಲ ಅಂತ ಬರೆದು, ಯಾಕೆ ಅಂತ ಎರಡು ಸಾಲು ಸೇರಿಸಿ. ಅದಕ್ಕೆ ಅರ್ಜಿ ತಿರಸ್ಕಾರ ಆದರೆ ಆಗಲಿ.

ಲಂಟಾನದ ಕಥೆಯೂ ಹಾಗೇ. ಬುಡ ಬಿಟ್ಟು ಕಡಿದರೆ ಅದು ಮತ್ತೆ ಚಿಗುರುತ್ತದೆ. ಬೇರಿನ ಬುಡ ಕಿತ್ತರೂ ಮಣ್ಣಲ್ಲಿರುವ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ. ಕಿತ್ತ ಜಾಗದಲ್ಲಿ ಬಿಸಿಲು ಬಿದ್ದೊಡನೆ ಬೇರೆ ಕಳೆಗಳೂ ನುಗ್ಗುತ್ತವೆ. ಹಾಗಾಗಿ ಕೆಲವು ವರ್ಷ ಬೆನ್ನುಬಿಡದೆ ಕೀಳುತ್ತಿರಬೇಕು. ನಮ್ಮ ಅನುದಾನ ಒಂದೇ ವರ್ಷಕ್ಕೆ. ಕಿತ್ತ ಜಾಗದ ಅಳತೆಗೆ ದುಡ್ಡು, ಮರುವರ್ಷದ ಕೆಲಸಕ್ಕೆ ಒಂದು ಪೈಸೆ ಇಲ್ಲ. ಎರಡನೇ ಮಳೆಗೆ ಅರ್ಧ ಜಾಗ ಮತ್ತೆ ಮುಚ್ಚಿಕೊಂಡಿತು. ಕಡಿಮೆ ಜಾಗ ಹಿಡಿದು ಮೂರು ವರ್ಷದ ಆರೈಕೆ ಬರೆದಿದ್ದರೆ ಚೆನ್ನಾಗಿತ್ತು. ಜಾಸ್ತಿ ಜಾಗ ತೋರಿಸುವ ಆಸೆ ನಮ್ಮನ್ನು ಕೆಡಿಸಿತು.

ಮತ್ತೆ ಕೆಲವು ಚಿಲ್ಲರೆ ಮಾತು. ಕೆಲಸ ಶುರುವಾಗುವ ಮುಂಚೆ ಒಂದೇ ಜಾಗದಲ್ಲಿ ನಿಂತು, ತಾರೀಕು ಬರುವಂತೆ ಫೋಟೋ ತೆಗೆದಿಡಿ, ನಮ್ಮ ಬಳಿ "ಮೊದಲು ಹೇಗಿತ್ತು" ಅನ್ನುವುದಕ್ಕೆ ಸಾಕ್ಷಿಯೇ ಇರಲಿಲ್ಲ. ಜಾಗ ಬೇರೆಯವರದ್ದಾದರೆ, ಎಷ್ಟು ವರ್ಷ ಅದನ್ನು ಹಾಗೇ ಉಳಿಸುತ್ತಾರೆ ಅಂತ ಅವರಿಂದ ಬರೆಸಿಕೊಳ್ಳಿ, ಯಾಕೆಂದರೆ ಸರ್ಕಾರಕ್ಕೆ ಆ ಮಾತು ಕೊಟ್ಟವರು ನೀವು. ಅನುದಾನ ಕೊಡಿಸುತ್ತೇನೆ, ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ ಅನ್ನುವವರು ಬಂದರೆ ಚಹಾ ಕುಡಿಸಿ ಕಳಿಸಿ.

ಹಾಂ, ಪಂಪ್. ಅನುದಾನದಲ್ಲಿ ಕೊಂಡ ನೀರಿನ ಪಂಪ್ ನಮ್ಮ ಮನೆಯ ಹಿಂದೆ ಕೂತಿದೆ. ಕೆಲಸ ಮುಗಿಯಿತು, ಅದು ಕೆಟ್ಟೂ ಹೋಯಿತು. ಆದರೆ ಅದರ ಮೇಲೆ ನಂಬರ್ ಚೀಟಿ ಇದೆ. ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ, ಗುಜರಿಗೆ ಹಾಕುವ ಹಾಗೂ ಇಲ್ಲ. ಒಪ್ಪಿಗೆ ಕೇಳಿ ಹಾಕಿದ ಅರ್ಜಿಗೆ ಹೋದ ವಾರ ಉತ್ತರ ಬಂತು. ಕೊಂಡಾಗಿನ ಮೂರು ಕೊಟೇಷನ್‌ಗಳ ಮೂಲ ಪ್ರತಿ ಕಳಿಸಬೇಕಂತೆ.