ಥಂಡರ್‌ಬಾಲ್ ಮತ್ತು ಅದರ ದಾಯಾದಿ: ಎರಡು ದಿನ, ಎರಡು ಬಾಂಡ್

ಶನಿವಾರ ರಾತ್ರಿ 1965ರ ಥಂಡರ್‌ಬಾಲ್ ಹಾಕಿದೆ, ಭಾನುವಾರ ಮಧ್ಯಾಹ್ನ 1983ರ ನೆವರ್ ಸೇ ನೆವರ್ ಅಗೇನ್. ಎರಡರಲ್ಲೂ ಶಾನ್ ಕಾನರಿಯೇ ಬಾಂಡ್, ಎರಡರಲ್ಲೂ ಸ್ಪೆಕ್ಟರ್ ಗುಂಪು ಎರಡು ಅಣುಬಾಂಬ್ ಕದ್ದು ಸರ್ಕಾರಗಳನ್ನು ಬೆದರಿಸುತ್ತದೆ. ಆದರೂ ಎರಡನೆಯದು ಶುರುವಾಗಿ ಐದು ನಿಮಿಷ ಆಗಿಲ್ಲ, ಚಿಕ್ಕಪ್ಪ ಕೇಳಿಯೇಬಿಟ್ಟರು: "ಆ ಟ್ಯೂನ್ ಎಲ್ಲೋ? ಪಿಸ್ತೂಲಿನ ನಳಿಗೆ ತೋರಿಸ್ಲೇ ಇಲ್ವಲ್ಲ?" ಅಣ್ಣಾವ್ರ ಸಿಐಡಿ 999 ನೋಡಿ ಬೆಳೆದವರು, ಅವರನ್ನು ಏಮಾರಿಸೋದು ಕಷ್ಟ.

ಬಾಂಡ್ ಸಿನಿಮಾ ಶುರುವಿಗೆ ಬರುವ ಆ ಟ್ಯೂನ್, ನಳಿಗೆ ಎರಡೂ ಇನ್ನೊಂದು ಮನೆಯವರ, ಅಂದರೆ ಅಧಿಕೃತ ಬಾಂಡ್ ಸರಣಿ ತೆಗೆಯುವ ಕಂಪನಿಯ ಸೊತ್ತು. 1959ರ ಸುಮಾರಿಗೆ ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್, ಐರ್ಲೆಂಡಿನ ಕೆವಿನ್ ಮೆಕ್‌ಕ್ಲೋರಿ, ಚಿತ್ರಕಥೆಗಾರ ಜ್ಯಾಕ್ ವಿಟಿಂಗ್‌ಹ್ಯಾಮ್ ಸೇರಿ ಸಿನಿಮಾಕ್ಕೆಂದೇ ಒಂದು ಬಾಂಡ್ ಕಥೆ ಹೆಣೆದಿದ್ದರು. ಸಿನಿಮಾ ಆಗಲಿಲ್ಲ. ಫ್ಲೆಮಿಂಗ್ ಅದನ್ನೇ ಕಾದಂಬರಿ ಮಾಡಿ 1961ರಲ್ಲಿ ತನ್ನೊಬ್ಬನ ಹೆಸರಿನಲ್ಲಿ ಪ್ರಕಟಿಸಿದ. ಉಳಿದವರು ಲಂಡನ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಪುಸ್ತಕಕ್ಕೆ ತಡೆ ಸಿಗಲಿಲ್ಲ, ಆದರೆ 1963ರ ನವೆಂಬರಿನಲ್ಲಿ ವಿಚಾರಣೆಯ ನಡುವೆಯೇ ರಾಜಿಯಾಯಿತು. ಕಾದಂಬರಿ ಫ್ಲೆಮಿಂಗ್ ಪಾಲಿಗೆ, ಅದರ ಸಿನಿಮಾ ಹಕ್ಕು ಮೆಕ್‌ಕ್ಲೋರಿ ಪಾಲಿಗೆ. ಮುಂದಿನ ಮುದ್ರಣಗಳಲ್ಲಿ ಮೂವರ ಹೆಸರೂ ಬರಬೇಕು. ಗದ್ದೆ ಅಣ್ಣನಿಗೆ, ಬಾವಿ ತಮ್ಮನಿಗೆ ಅಂದ ಹಾಗೆ. ಫ್ಲೆಮಿಂಗ್ ಮರುವರ್ಷವೇ ತೀರಿಕೊಂಡ.

1965ರದ್ದು ಎರಡೂ ಮನೆಯವರು ಕೂಡಿ ಮಾಡಿದ ಅಡುಗೆ. ನಿರ್ಮಾಪಕ ಅಂತ ಮೆಕ್‌ಕ್ಲೋರಿ ಹೆಸರಿದೆ, ಅದಕ್ಕೆ ಬದಲಾಗಿ ಹತ್ತು ವರ್ಷ ಆ ಕಥೆ ಮತ್ತೆ ಮುಟ್ಟುವುದಿಲ್ಲ ಎಂದು ಒಪ್ಪಿಕೊಂಡಿದ್ದ. ದುಡ್ಡು ಪರದೆ ತುಂಬ ಕಾಣುತ್ತದೆ, ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು. ಆದರೆ ನೀರೊಳಗಿನ ಕಾಳಗ ಮುಗಿಯುವುದೇ ಇಲ್ಲ. ಯಾರು ಯಾರಿಗೆ ಈಟಿ ಹೊಡೆದರು ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದರು.

1983ರದ್ದು ಮೆಕ್‌ಕ್ಲೋರಿ ಪಾಲಿಗೆ ಬಂದ ಪಾತ್ರೆಯಲ್ಲೇ ಬೇಯಿಸಿದ್ದು. ಖಳನಾಯಕ ಲಾರ್ಗೋನ ಹಡಗು ಮೊದಲನೆಯದರಲ್ಲಿ ಡಿಸ್ಕೋ ವೊಲಾಂಟೆ, ಇಲ್ಲಿ ಅದೇ ಇಟಾಲಿಯನ್ ಹೆಸರು ಇಂಗ್ಲಿಷಿಗೆ ತಿರುಗಿ ಫ್ಲೈಯಿಂಗ್ ಸಾಸರ್! ಸಂಗೀತವಂತೂ ಸಪ್ಪೆ. ಆದರೆ ಐವತ್ತು ದಾಟಿದ ಕಾನರಿಗೆ ವಯಸ್ಸಾಗಿದೆ ಎಂಬುದನ್ನು ಈ ಸಿನಿಮಾ ಮುಚ್ಚಿಡುವುದಿಲ್ಲ, ಮೈ ಸರಿಮಾಡಿಕೊಂಡು ಬಾ ಎಂದು ಅವನನ್ನು ಆರೋಗ್ಯಧಾಮಕ್ಕೆ ಅಟ್ಟುತ್ತಾರೆ. ಅಲ್ಲಿ ಗುಡ್ಡದಂಥ ಆಳೊಬ್ಬ ಬಾಂಡ್‌ನನ್ನು ಕೋಣೆಯಿಂದ ಕೋಣೆಗೆ ಎತ್ತಿ ಒಗೆಯುತ್ತಾನೆ. ಏನು ಮಾಡಿದರೂ ಬಗ್ಗದವನ ಮುಖಕ್ಕೆ ಬಾಂಡ್ ಕೈಗೆ ಸಿಕ್ಕ ಗಾಜಿನ ಪಾತ್ರೆಯ ದ್ರವ ಎರಚಿದಾಗ ಅವನು ಹೌಹಾರಿ ಹಿಂದೆ ಬಿದ್ದು ಸಾಯುತ್ತಾನೆ. ಆಮೇಲೆ ಚೀಟಿ ಓದಿದರೆ, ಪರೀಕ್ಷೆಗೆ ಕೊಟ್ಟಿದ್ದ ಬಾಂಡ್‌ನದೇ ಮೂತ್ರ. ಚಿಕ್ಕಪ್ಪ ಎದ್ದು ಕೂತು ನಕ್ಕದ್ದು ಆಗಲೇ.

ನನ್ನ ಮಾತು ಕೇಳಿದರೆ, ಒಂದೇ ನೋಡುವ ಪುರುಸೊತ್ತಿದ್ದರೆ ಮೊದಲನೆಯದು. ಬಾಂಡ್ ಎಂಬ ಮನುಷ್ಯನ ಮೇಲೆ ಆಸೆಯಿದ್ದರೆ ಎರಡನೆಯದು. ನನಗೆ ಹಿಡಿಸಿದ್ದೂ ಅದೇ. ಎರಡನ್ನೂ ಮುಗಿಸಿದವರು 1981ರ ಫಾರ್ ಯುವರ್ ಐಸ್ ಓನ್ಲಿಯ ಮೊದಲ ಕೆಲವು ನಿಮಿಷ ನೋಡಿ. ಗಾಲಿಕುರ್ಚಿಯಲ್ಲಿ ಬೋಳುತಲೆಯವನೊಬ್ಬ, ತೊಡೆಯ ಮೇಲೆ ಬಿಳಿ ಬೆಕ್ಕು. ಸ್ಪೆಕ್ಟರ್‌ನ ಮುಖ್ಯಸ್ಥ ಬ್ಲೋಫೆಲ್ಡ್ ಎಂದು ಎಲ್ಲರಿಗೂ ಗೊತ್ತು, ಆದರೆ ಆ ಹೆಸರಿನ ಹಕ್ಕು ಯಾರದೆಂಬ ವ್ಯಾಜ್ಯದ ದೆಸೆಯಿಂದ ಯಾರೂ ಅವನ ಹೆಸರೆತ್ತುವುದಿಲ್ಲ. ಬಾಂಡ್ ಅವನನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಕಾರ್ಖಾನೆಯ ಚಿಮಣಿಯೊಳಗೆ ಹಾಕುತ್ತಾನೆ. ಮೆಕ್‌ಕ್ಲೋರಿ 2006ರಲ್ಲಿ ತೀರಿಕೊಂಡ, ಅವನ ವಾರಸುದಾರರಿಂದ 2013ರಲ್ಲಿ ಹಕ್ಕು ಕೊಂಡ ಮೇಲೆಯೇ ಅಧಿಕೃತ ಬಾಂಡ್ ಸರಣಿಗೆ ಆ ಹೆಸರು ವಾಪಸ್ ಬಂದದ್ದು.